ಕಾಲುವೆಯ ಆಚೆಗಿನ ಮನೆ

೧೬ ಮಾರ್ಚ್ ೨೦೨೫

ಜೀವದ ಗೆಳತಿ ನಂದಿನಿಗೆ,

ಅನ್ನಪೂರ್ಣಾಳ ನೆನಪುಗಳು. ಫೋನು ಮಾಡಿದರೆ ನಿನ್ನ ದನಿ ಕೇಳಿದ ಕೂಡಲೇ ಅತ್ತುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನವ್ವ ಕಾಡವ್ವ ಕಾಕೂನ ಮಣ್ಣು ಮುಗಿಸಿ ಸಂಕೇಶ್ವರದ ಬಸ್ಸು ಹತ್ತುವಾಗ ನೀನೊಂದು ಮಾತು ಅಂದೆ. ನಮ್ಮವ್ವ ತಾನೇ ಕೇಳಿ ದೂರದ ಮನೆ ತಗೊಂಡಳು, ನಾನು ಮಾಡಿದ್ದನ್ನೆಲ್ಲ ನೀರಿಗೆ ಹಾಕಿದಳು ಅಂತ. ಆಕೆಗೆ ಕೊಟ್ಟ ಮಾತು ಆಗ ನನ್ನ ಬಾಯಿ ಕಟ್ಟಿತ್ತು. ಈಗ ಆಕೆಯೇ ಇಲ್ಲ. ಸತ್ತ ತಾಯಿಯ ಮೇಲಿನ ಸಿಟ್ಟನ್ನು ನೀನು ಬದುಕಿಡೀ ಹೊರುವುದನ್ನು ನೋಡಲಾರೆ.

ಮೂಡಲಗಿಯ ಹೊಸ ಬಸ್ ನಿಲ್ದಾಣದ ಯೋಜನಾ ತಂಡದಲ್ಲಿ ನಿನಗೆ ನೌಕರಿ ಸಿಕ್ಕಾಗ ನಿಮ್ಮ ಓಣಿ, ನಮ್ಮ ಓಣಿ ಎರಡೂ ಹಿಗ್ಗಿದ್ದವು. ನಿಲ್ದಾಣದಿಂದ ನಡೆದು ಹೋಗುವಷ್ಟರಲ್ಲೇ ಮನೆ, ಸಂತೆ, ಅಂಗನವಾಡಿ, ದವಾಖಾನೆ ಇರಬೇಕು, ಜಾಗ ಬಿಟ್ಟುಕೊಡುವವರಿಗೆ ಅಲ್ಲೇ ಮನೆ ಕೊಡಬೇಕು ಎಂದು ನೀನು ಹಟ ಹಿಡಿದೆ. ಜಾತಿಗೊಂದು ಓಣಿ ಎಂಬ ಹಳೆಯ ಲೆಕ್ಕ ಬಿಟ್ಟು ಎಲ್ಲರ ಮನೆಗಳನ್ನೂ ಒಂದೇ ಸಾಲಿನಲ್ಲಿ ಬರೆದೆ. ನಕ್ಷೆಯಲ್ಲಿ ನನ್ನ ಮನೆಯ ಬಾಜೂಕೆ ನಿಮ್ಮದು. ಕಾಕೂ ಆ ಚೌಕವನ್ನು ಬೆರಳಿಂದ ಮುಟ್ಟಿ ನೋಡಿದ್ದಳು. ಕೂಲಿಗೆ ಹೋಗಲು, ಬಸ್ಸು ಹಿಡಿಯಲು ನಡೆದೇ ಸವೆದ ಕಾಲು ಅವಳದು.

ನೀನು ಸರ್ವೆಗೆಂದು ಹುಕ್ಕೇರಿಗೆ ಹೋದ ವಾರ ಸಮುದಾಯ ಭವನದಲ್ಲಿ ಸಭೆ ಕರೆದರು. ನನ್ನ ಮಾವ ಸಿದ್ರಾಯ ಎದ್ದು, ಆ ಓಣಿಯವರ ಮನೆಗಳನ್ನು ಕಾಲುವೆಯ ಆಚೆ ಹಾಕಿದರೆ ಮಾತ್ರ ನಾವು ಜಾಗ ಬಿಡುತ್ತೇವೆ ಎಂದರು. ಯಾರೂ ಕಾರಣ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ನಿನ್ನ ಮೇಲಿನ ಅಧಿಕಾರಿ, ಎರಡೂ ಕಡೆಯವರು ಒಪ್ಪುವುದಾದರೆ ಗೆರೆ ಬದಲಿಸಬಹುದು, ಕೆಲಸ ಮಾತ್ರ ನಿಲ್ಲಬಾರದು ಎಂದ.

ನಾನು ಎದ್ದೆ. "ಕಾಡವ್ವ ಕಾಕೂನ ಮನಿ ನಮ್ಮ ಬಾಜೂಕ ಇರ್ಲಿರಿ" ಅಂದೆ. ಮಾಲಿಂಗ ನನ್ನ ಸೆರಗು ಹಿಡಿದು ಕೂರಿಸಿದ. ಗಂಡನ ಕೈ ಅಷ್ಟು ಬಿರುಸು ಎಂದು ಅವತ್ತೇ ಗೊತ್ತಾದದ್ದು.

ಆಗ ಕಾಕೂ ಎದ್ದು ನಿಂತಳು. "ನಾವು ಆಚೇಕಡೆ ಹೋಗ್ತೇವ್ರಿ. ನಾವ ಕೇಳೇವಿ ಅಂತ ಬರ್ಕೋರಿ" ಅಂದಳು.

ಸಭೆ ಮುಗಿದದ್ದೇ ಹೊರಗೆ ಓಡಿಹೋಗಿ ಆಕೆಯನ್ನು ಹಿಡಿದುಕೊಂಡೆ. ಯಾಕೆ ಹಾಗಂದೆ ಎಂದು ಜಗಳಾಡಿದೆ. ನನ್ನ ಅಂಗೈ ತನ್ನ ತಲೆಯ ಮೇಲೆ ಇಟ್ಟುಕೊಂಡು ಆಣೆ ಮಾಡಿಸಿಕೊಂಡಳು. "ನಂದಿನಿಗೆ ಗೊತ್ತಾದ್ರ ಜಗಳಕ್ಕ ನಿಲ್ತಾಳ, ನೌಕರಿ ಕಳಕೋತಾಳ. ಮನಿ ಎಲ್ಲಾದ್ರೂ ಇರ್ಲಿ. ಅಕಿ ಮ್ಯಾಲ ಬರ್ಲಿ."

ನೀನು ತಿರುಗಿ ಬಂದು ಬದಲಾದ ನಕ್ಷೆ ನೋಡಿ ಆಕೆಯ ಮೇಲೆ ಕೂಗಾಡಿದಾಗ ನಾನು ಅಲ್ಲೇ ಹೊಸ್ತಿಲ ಬಳಿ ಇದ್ದೆ. ಆಕೆ ತಲೆ ಎತ್ತದೆ ರೊಟ್ಟಿ ಬಡಿಯುತ್ತಿದ್ದಳು. ಆಮೇಲೆ ಸಂಕೇಶ್ವರಕ್ಕೆ ಹೋದ ನೀನು ನಾಗರಪಂಚಮಿಗೂ ಬರಲಿಲ್ಲ.

ಗೋಕಾಕದ ಆಸ್ಪತ್ರೆಯಲ್ಲಿ ಕಾಕೂನ ಉಸಿರು ಕಟ್ಟತೊಡಗಿದಾಗ ನಿನ್ನ ಬಸ್ಸು ಇನ್ನೂ ಘಟಪ್ರಭಾ ದಾಟಿರಲಿಲ್ಲ. ಬಂದೇ ಬರುತ್ತಾಳೆ, ಸಿಟ್ಟೆಲ್ಲ ಇಳಿದಿರುತ್ತದೆ ಎಂದು ನಾನು ಸಮಾಧಾನ ಹೇಳಿದೆ. ಬೇಡ ಎಂಬಂತೆ ಕೈಯಾಡಿಸಿದಳು. "ಇಳೀಬಾರ್ದು. ಸಿಟ್ಟು ಅಕಿಗೆ ಒಪ್ತೈತಿ. ನನಗ ಮಾಡಾಕ ಬರಲಿಲ್ಲ" ಅಂದಳು. ಅದೇ ಆಕೆಯ ಕಡೆಯ ಮಾತು.

ನಿನ್ನನ್ನು ಇನ್ನಷ್ಟು ನೋಯಿಸುತ್ತದೆಂದು ಗೊತ್ತಿದ್ದೂ ಬರೆದೆ. ಆಕೆ ನಿನ್ನ ಕೆಲಸವನ್ನು ನೀರಿಗೆ ಹಾಕಲಿಲ್ಲ ಕಣೇ. ಸಿಟ್ಟು ಮಾಡುವುದಿದ್ದರೆ ಮಾಡು, ಆದರೆ ಆಕೆಯ ಮೇಲಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನವಳೇ ಆದ,
ಅನ್ನಪೂರ್ಣಾ

ತಾ.ಕ.: ಉತ್ತರವನ್ನು ಮೂಡಲಗಿಯ ಮನೆಗೆ ಹಾಕಬೇಡ, ತುಕ್ಕಾನಟ್ಟಿಯ ನಮ್ಮಣ್ಣ ಬೀರಸಿದ್ದಪ್ಪನ ಮನೆಗೆ ಹಾಕು. ಮೊನ್ನೆ ತಕರಾರು ಕೇಳುವ ಸಭೆಯಲ್ಲಿ ಇದನ್ನೆಲ್ಲ ಎದ್ದು ಹೇಳಿದೆ. ಈ ಸಲ ಮಾಲಿಂಗನಿಂದ ದೂರ ಕೂತಿದ್ದೆ. ನಕ್ಷೆ ಮತ್ತೆ ನೋಡುತ್ತೇವೆ ಎಂದಿದ್ದಾರೆ. ಮನೆಗೆ ಬಂದರೆ ನನ್ನ ಟ್ರಂಕು ಹೊರಗೆ ಕಟ್ಟೆಯ ಮೇಲಿತ್ತು.