ಸೋರಿ ದೈಜಿನ್

ಹಡಪಸರ, ಪುಣೆ

ಅತ್ತೆಯವರಿಗೆ ಶೈಲಾಳ ಶರಣು.

ಫೋನಿನಲ್ಲಿ ನೀವು ಬರೀ ‘ಹೂಂ’ ಅನ್ನುತ್ತೀರಿ, ಅದಕ್ಕೇ ಈ ಪತ್ರ. ನನ್ನ ಜಪಾನಿ ಪರೀಕ್ಷೆ ಹತ್ತಿರ ಬಂತು. ಮಂತ್ರಿಗಳ ಪಾಠ ಇನ್ನೂ ಮುಗಿದಿಲ್ಲ. ಪ್ರಧಾನಮಂತ್ರಿಗೆ ಜಪಾನಿಯರು ‘ಸೋರಿ ದೈಜಿನ್’ ಅನ್ನುತ್ತಾರೆ. ಬೆಳಿಗ್ಗೆ ನಾನದನ್ನು ಬಾಯಿಪಾಠ ಮಾಡುವಾಗಲೆಲ್ಲ ನೀವು “ಎಲ್ಲಿ ಸೋರಾಕತ್ತದ, ಶೈಲಾ?” ಎಂದು ಎದ್ದುಹೋಗಿ ಅಡುಗೆಮನೆಯ ನಳ ಬಿಗಿಮಾಡಿ ಬರುತ್ತಿದ್ದಿರಿ. ನೆಂಟರ ಮುಂದೆ ನಾನು ಈ ಮಾತು ತೆಗೆದಾಗ ಎಲ್ಲರೂ ನಕ್ಕರು. ಮರುದಿನವೇ ನೀವು ಬಾರಾಮತಿಗೆ, ಮೈದುನನ ಮನೆಗೆ ಹೊರಟುಹೋದಿರಿ.

ನಿಮ್ಮ ಮೊಣಕಾಲಿನ ಎಣ್ಣೆ ಇಲ್ಲೇ ಉಳಿದಿದೆ.

ಈಗಲೂ ಅದೇ ಪಾಠವನ್ನು ಜೋರಾಗಿ ಓದುತ್ತೇನೆ. ಯಾರೂ ಏಳುವುದಿಲ್ಲ. ನಿನ್ನೆಯಿಂದ ನಳ ನಿಜವಾಗಿಯೂ ಸೋರುತ್ತಿದೆ. ಪ್ಲಂಬರ್‌ನನ್ನು ನಾನು ಕರೆಸಿಲ್ಲ.

ನಿಮ್ಮ ಸೊಸೆ,
ಶೈಲಾ