ಫಕೀರವ್ವನ ಖಾನಾವಳಿಯಲ್ಲಿ ಅವ್ವ

ಗದಗ, ೨೨೧೪ನೆಯ ಇಸವಿ, ಹದಿಮೂರನೆಯ ತಿಂಗಳ ಏಳನೆಯ ದಿನ

ನಮ್ಮ ಓಣಿಯಲ್ಲಿ ನಮಗಿಂತ ಬಹಳ ಹಿಂದೆ ಬಾಳಿದವರಿಗೆ ದಾಕ್ಷಾಯಣಿ ಹೊಸಮನಿ ಮಾಡುವ ನಮಸ್ಕಾರಗಳು. ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗದು. ನಾವು ವರ್ಷವನ್ನು ಸಮನಾಗಿ ಹಂಚಿ ಹದಿಮೂರು ತಿಂಗಳು ಮಾಡಿಕೊಂಡಿದ್ದೇವೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಬೇಕು. ಅದಕ್ಕಿಂತ ಹೆಚ್ಚಾಗಿ, ಊಟದ ವಿಷಯ ಬರೆಯುತ್ತಿರುವುದನ್ನು ಮನ್ನಿಸಬೇಕು. ನಮ್ಮಲ್ಲಿ ಮರ್ಯಾದಸ್ಥರು ಇದನ್ನು ಬರೆಯುವುದಿಲ್ಲ.

ನಮ್ಮ ಮುತ್ತಜ್ಜಿಯ ಕಾಲದಲ್ಲಿ ಉಸಿರಿನ ಬೇನೆಯೊಂದು ಬಂದು ಬಹಳ ವರ್ಷ ನಿಂತಿತಂತೆ. ಎದುರುಬದುರು ಕೂತು ಉಂಡವರಿಗೆ ಅದು ಅಂಟುತ್ತಿತ್ತು. ಆಗ ಮನೆಮನೆಯಲ್ಲೂ ಉಣಗೂಡು ಕಟ್ಟಿಸಿದರು. ಉಣಗೂಡು ಎಂದರೆ ನಿಮ್ಮ ಬಚ್ಚಲಿನಷ್ಟು ಸಣ್ಣ ಕೋಣೆ. ಒಳಗೊಂದು ಮಣೆ, ಬಾಗಿಲಿಗೆ ಒಳಚಿಲಕ, ಗೋಡೆಯಲ್ಲೊಂದು ಕಿಂಡಿ. ಓಣಿಯ ಅಡುಗೆ ಕೇಂದ್ರದಿಂದ ಬಿಸಿ ಡಬ್ಬಿ ಆ ಕಿಂಡಿಗೆ ಬರುತ್ತದೆ. ಒಬ್ಬೊಬ್ಬರೇ ಒಳಗೆ ಹೋಗಿ, ಉಂಡು, ಬಾಯಿ ತೊಳೆದು ಹೊರಬರುತ್ತೇವೆ. ಬೇನೆ ಹೋಗಿ ಎಷ್ಟೋ ಕಾಲವಾಯಿತು, ಆದರೆ ರೂಢಿ ಹೋಗಲಿಲ್ಲ. ಈಗ ಒಬ್ಬರು ಅಗಿಯುವುದನ್ನು ನೋಡುವುದೆಂದರೆ ಸ್ನಾನ ಮಾಡುವವರನ್ನು ಇಣುಕಿ ನೋಡಿದಂತೆ. ತಲೆಗೂದಲು ನರೆತ ನಾನು ನನ್ನ ಹೆತ್ತವ್ವ ಉಣ್ಣುವುದನ್ನು ಒಮ್ಮೆಯೂ ಕಂಡಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವ್ವನ ಡಬ್ಬಿ ತುಂಬಿದ್ದ ಹಾಗೆಯೇ ವಾಪಸಾಗತೊಡಗಿತು. ಕುಪ್ಪಸ ಜೋಲುವಷ್ಟು ಸೊರಗಿದಳು. ಅದೇ ದಿನಗಳಲ್ಲಿ ಓಣಿಯ ತುದಿಗೆ ಫಕೀರವ್ವ ಎಂಬಾಕೆ ಒಂದು ಖಾನಾವಳಿ ತೆರೆದಳು. ಈ ಶಬ್ದ ನಿಮ್ಮದು. ನಾವು ಕೇಳಿ ಮಾತ್ರ ಬಲ್ಲೆವು. ನಾಲ್ಕೇ ನಾಲ್ಕು ಮೇಜು, ಒಲೆ, ಹೆಂಚು. ಒಳಗಿನವರು ಬೀದಿಗೆ ಕಾಣುತ್ತಿದ್ದರು. ಸಭ್ಯರು ಅದನ್ನು ದಾಟುವಾಗ ಮುಖ ತಿರುಗಿಸಿಕೊಳ್ಳುತ್ತಿದ್ದರು, ನಾನೂ ಸಹ. ಒಂದು ಮಧ್ಯಾಹ್ನ ಅವ್ವ ಅದರ ಮುಂದೆ ನಿಂತುಬಿಟ್ಟಳು. ರೊಟ್ಟಿ ಬಡಿಯುವ ಸದ್ದು ಕೇಳುತ್ತ, “ಇಲ್ಲಿ ಉಣ್ಣಬೇಕು ಅನಸಾಕತ್ತೈತಿ” ಅಂದಳು. ಉಣ್ಣುವ ಮಾತು ಆಕೆಯ ಬಾಯಿಂದ ಬಂದು ತಿಂಗಳುಗಳಾಗಿದ್ದವು. ಒಲ್ಲೆ ಎನ್ನಲಾಗಲಿಲ್ಲ.

“ಬರ್ರಿ ಅವ್ವಾರ, ಗಾಳಿ ಬರೂ ಕಡೆ ಕುಂದರ್ರಿ,” ಎಂದು ಫಕೀರವ್ವ ನಡುವಿನ ಮೇಜು ತೋರಿಸಿದಳು. ನಾನು ನನ್ನ ಕುರ್ಚಿಯನ್ನು ಗೋಡೆಗೆ ಮುಖವಾಗಿ ತಿರುಗಿಸಿಕೊಂಡೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಂದವು. ಅವ್ವ ಉಂಡಳು. ಬೆರಳು ನೆಕ್ಕಿದಳು, ಬಾಯಿ ಚಪ್ಪರಿಸಿದಳು. ಪಕ್ಕದ ಮೇಜಿನ ಮುದುಕರೊಬ್ಬರು “ಇದನ್ನ ಕಡಕೊಂಡು ನೋಡ್ರಿ” ಎಂದು ತಮ್ಮ ಉಳ್ಳಾಗಡ್ಡಿಯ ಹೋಳು ಕೊಟ್ಟರೆ, ಬಾಯ್ತುಂಬ ತುತ್ತು ಇಟ್ಟುಕೊಂಡೇ ನಕ್ಕಳು. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಹೊರಳಿದಾಗ ನಮ್ಮ ನೀರಿನ ಕಚೇರಿಯ ಮೇಲಧಿಕಾರಿ ಮುಳಗುಂದ ಸಾಹೇಬರು ಅಲ್ಲೇ ಮೂಲೆಯಲ್ಲಿ ಕೂತಿರುವುದು ಕಂಡಿತು. ನಾನು ಸೆರಗನ್ನು ಅವ್ವನ ಮುಖಕ್ಕೆ ಅಡ್ಡ ಹಿಡಿದೆ.

“ಬಾಯಿ ಮುಚ್ಚಿ ಉಣ್ಣು, ಅವ್ವಾ. ಮಂದಿ ನೋಡಾಕತ್ತಾರ.”

ಅವ್ವನ ಕೈ ನಿಂತಿತು. “ನಾ ಉಣ್ಣೂದು ನಿನಗ ಹೇಸಿಕಿ ಅನಸ್ತೈತೇನವಾ?” ಎಂದು ಕೇಳಿದಳು. ಇಲ್ಲ ಎನ್ನಲು ನನಗೆ ತಡವಾಯಿತು. ಅವ್ವ ಮುರಿದ ರೊಟ್ಟಿಯನ್ನು ತಾಟಿನಲ್ಲಿಟ್ಟು ಕೈ ತೊಳೆಯಲು ಎದ್ದಳು. ಸಾಹೇಬರು ಅಲ್ಲಿಂದಲೇ, ತುತ್ತು ಅಗಿಯುತ್ತಲೇ, “ಹೊಸಮನಿಯವರ, ಅವ್ವಾರನ್ನ ಕರಕೊಂಡು ಬಂದೀರಿ, ಭಾಳ ಚಲೋ ಆತು” ಅಂದರು. ಅಲ್ಲಿ ನಾಚಿದ್ದವಳು ನಾನೊಬ್ಬಳೇ.

ಮರುದಿನ ಕರೆದರೆ ಅವ್ವ “ನೀ ಹೋಗಿ ಬಾ” ಅಂದಳು. ಹೋದೆ. ನಡುವಿನ ಮೇಜಿನಲ್ಲಿ ಬೀದಿಗೆ ಮುಖಮಾಡಿ ಕೂತೆ. “ಅವ್ವಾರು ಬರಲಿಲ್ಲೇನ್ರಿ?” ಎಂದು ಫಕೀರವ್ವ ಕೇಳಿದಳು. “ಬರಧಂಗ ನಾನ ಮಾಡೀನಿ” ಅಂದೆ. ಆಕೆ ರೊಟ್ಟಿ ಹಾಕಿದಳು. ಎಲ್ಲರೂ ಕಾಣುವಂತೆ ಪೂರ್ತಿ ಉಂಡೆ.

ಸಂಜೆ ಮನೆಯಲ್ಲಿ ಉಣಗೂಡಿನ ಬಾಗಿಲು ತೆರೆದಿಟ್ಟು, ಅವ್ವನಿಗೆ ಕಾಣುವಂತೆ ಕೂತು ಉಣ್ಣತೊಡಗಿದೆ. ಆಕೆ ಗೋಡೆಯ ಕಡೆ ತಿರುಗಿದಳು. ನಾನು ಬಿಡಲಿಲ್ಲ, ದಿನವೂ ಹಾಗೆಯೇ ಕೂತೆ. ಕೊನೆಗೊಂದು ದಿನ ಅವ್ವ ತನ್ನ ಡಬ್ಬಿ ಹಿಡಿದು ಬಂದು ಹೊಸ್ತಿಲ ಆಚೆ ಕೂತಳು. ಈಗ ಅರ್ಧ ಡಬ್ಬಿ ಉಣ್ಣುತ್ತಾಳೆ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಸದ್ದಾಗದಂತೆ. ಆ ಕೈ ತೆಗೆ ಎಂದು ಹೇಳುವ ಮುಖ ನನಗಿಲ್ಲ. ಖಾನಾವಳಿಗೆ ಮಾತ್ರ ಬರುವುದಿಲ್ಲ. ಮೊನ್ನೆ ಮತ್ತೆ ಕರೆದಾಗ, “ಸಿಟ್ಟಿಲ್ಲವಾ ನನಗ. ಅಲ್ಲಿ ಕುಂತ್ರ ನೀ ಆವತ್ತ ನನ್ನ ನೋಡಿದ್ದು ನೆಪ್ಪ ಆಗ್ತೈತಿ” ಅಂದಳು.

ನಿಮ್ಮ ಕಾಲದಲ್ಲಿ ಇಂಥ ಖಾನಾವಳಿಗಳು ಓಣಿಗೊಂದು ಇದ್ದವಂತೆ. ಒಂದೇ ಒಂದು ಕೇಳಿಕೊಳ್ಳುತ್ತೇನೆ. ನಿಮ್ಮ ಅವ್ವನನ್ನು ಅಲ್ಲಿಗೆ ಕರೆದೊಯ್ದಾಗ ಆಕೆ ಸಾರು ಚೆಲ್ಲಿಕೊಂಡರೆ, ಜೋರಾಗಿ ಅಗಿದರೆ, ಪಕ್ಕದವರ ಜೊತೆ ಮಾತಿಗಿಳಿದರೆ, ದಯವಿಟ್ಟು ಸುತ್ತಮುತ್ತ ನೋಡಬೇಡಿ. ಉಣ್ಣಲು ಬಿಡಿ.