ಕರಡಿಗೆಯ ಸದ್ದು

೧೦ ಮಾರ್ಚ್ ೨೦೧೭, ಶುಕ್ರವಾರ. ಉದಗೀರ
ಬ್ಯಾಂಕಿನಿಂದ ಬಂದೆ. ಮಾತ್ರೆ ನುಂಗಿದೆ. ರಷ್ಯನ್ ಕಾದಂಬರಿ, ಮರಾಠಿ ಅನುವಾದ — ಮುಗಿಯುತ್ತ ಬಂತು. ಕೋಣೆ ನಿಶ್ಶಬ್ದವಾದರೆ ಎದೆಯೊಳಗಿನ ಕವಾಟ ಕೇಳಿಸುತ್ತದೆ. ಟಿಕ್, ಟಿಕ್. ನಾನು ಚಿಕ್ಕವಳಿದ್ದಾಗ, ತೊಂಬತ್ಮೂರರ ಭೂಕಂಪದ ನಂತರ ತಗಡಿನ ಶೆಡ್ಡಿನಲ್ಲಿ ಹಿಡಿದ ಜ್ವರ ಹೃದಯಕ್ಕೆ ಹೋಗಿತ್ತು. ಮದುವೆಯಾದ ಮೇಲೆ ಸೋಲಾಪುರದಲ್ಲಿ ಲೋಹದ ಕವಾಟ ಕೂರಿಸಿದರು. ಈ ಸದ್ದಿಲ್ಲದೆ ನನ್ನ ಗಂಡ ಮನ್ಮಥಪ್ಪನವರಿಗೆ ನಿದ್ದೆ ಹತ್ತುವುದಿಲ್ಲವಂತೆ. ಅವರು ಮುರುಮಿನಲ್ಲಿ, ಕಾಳಿನ ಅಂಗಡಿಯಲ್ಲಿ. ನಾನಿಲ್ಲಿ.
ಬ್ಯಾಂಕಿನ ಗ್ರೂಪ್ ಆರೋಗ್ಯವಿಮೆಯ ಪಾಲಿಸಿ ಹಳೆಯ ಕಾಯಿಲೆಯನ್ನೂ ಒಪ್ಪುತ್ತದೆ. ಕೆಲಸ ಬಿಟ್ಟರೆ ಅದೂ ಹೋಯಿತು. ಇನ್ನೊಂದು ಆಪರೇಶನ್ ಬೇಕಾದೀತು ಎಂದು ಸೋಲಾಪುರದವರು ಹೇಳಿದ್ದಾರೆ. ಹೊರಗಿನ ಎರಡು ವಿಮಾ ಕಂಪನಿಗಳು ಬೇಡವೆಂದವು. ಮೂರನೆಯದು ಮುಂದಿನ ವಾರ ಮುರುಮಿಗೆ ಡಾಕ್ಟರರನ್ನು ಕಳಿಸುತ್ತದೆ. ಪಾಲಿಸಿ ಸಿಕ್ಕರೆ ಕೆಲಸ ಬಿಟ್ಟು... ಮನೆ.

೧೯ ಮಾರ್ಚ್, ಮುರುಮ
ಸ್ಟೆಥೋಸ್ಕೋಪ್ ಇಡುವ ಮೊದಲೇ ಡಾಕ್ಟರರು ತಲೆ ಎತ್ತಿದರು. "ಏನ್ರೀ ಸಪ್ಪಳ? ಘಡ್ಯಾಳ ತೆಗೀರಿ."
ಕೈಗಡಿಯಾರ ತೆಗೆದೆ. ಟಿಕ್, ಟಿಕ್.
ಅತ್ತೆ ಮೀರಾಬಾಯಿ ಅಡ್ಡ ಬಂದರು. "ಅದು ಲಿಂಗದ ಕರಡಿಗಿರೀ, ಡಾಕ್ಟರ್‌ಸಾಬ್. ಬೆಳ್ಳೀದು. ಮುಚ್ಚಳ ಸಡ್ಲ ಆಗೇದ, ಬಡೀತದ. ಮೈಮ್ಯಾಲಿಂದ ತೆಗಿಯೂಹಂಗಿಲ್ಲ, ನೋಡ್ರಿ ಮತ್ತ."
ಡಾಕ್ಟರರು ಅಂಗಿಯ ಗುಂಡಿ ಬಿಚ್ಚಿ ತಮ್ಮ ಕರಡಿಗೆ ಹೊರತೆಗೆದರು. "ನಂದೂ ಅದ, ಆಯಿ. ಇದು ಯಾಕ ಗಪ್ ಅದ?"
"ನಿಮ್ಮ ಅಕ್ಕಸಾಲ್ಯಾ ಛಲೋ ಇರಬೇಕು," ಅಂದರು ಅತ್ತೆ, ಸೋಲದೆ.
ಮನ್ಮಥಪ್ಪ ನಕ್ಕುಬಿಟ್ಟರು. ನಾನೂ. ನಗುವಾಗ ಟಿಕ್ ಟಿಕ್ ಇನ್ನೂ ಜೋರಾಯಿತು.
ಆಪರೇಶನ್ ಆದದ್ದನ್ನು ಫಾರ್ಮಿನಲ್ಲಿ ನಾನೇ ಬರೆದಿದ್ದೆ. ಅತ್ತೆಗೆ ಗೊತ್ತಿರಲಿಲ್ಲ.

೪ ಏಪ್ರಿಲ್, ಉದಗೀರ
ಇಲ್ಲ. ಮೂರನೆಯ ಕಂಪನಿಯ ಉತ್ತರ ಬಂತು: ಮೊದಲೇ ಇದ್ದ ಕಾಯಿಲೆ. ಅಷ್ಟೇ ಕಾರಣ.
ಮುರುಮಿಗೆ ಫೋನ್ ಮಾಡಿದೆ. ಅತ್ತೆ ಅಳುತ್ತಿದ್ದರು. "ನನ್ನ ಬಾಯಿಂದನ ಕೆಟ್ಟಿತು."
"ಇಲ್ಲರೀ ಅತ್ತಿ. ಆಪರೇಶನ್ ಆಗೇದಂತ ನಾನೇ ಬರದಿದ್ದೆ."
"ಬರದಿದ್ದ್ಯಾ? ಹುಚ್ಚಿ! ಮತ್ತ ನಾ ಯಾಕ ಅಷ್ಟು ಸುಳ್ಳ ಹೇಳ್ದೆ?"
ಆಮೇಲೆ ಮನ್ಮಥಪ್ಪ. "ಊಟ ಆತೇನು?"
"ಆತ್ರಿ."
ಫೋನನ್ನು ಕಿವಿಯಿಂದ ಇಳಿಸಿ ಎದೆಗೆ ಹಿಡಿದೆ. ಸ್ವಲ್ಪ ಹೊತ್ತು. ಅವರು ಕಟ್ ಮಾಡಲಿಲ್ಲ.

೨೨ ಏಪ್ರಿಲ್, ಶನಿವಾರ. ಉದಗೀರ
ನಾಳೆ ಮನ್ಮಥಪ್ಪ ಬರುತ್ತಾರೆ. ಸಂಜೆಯ ಬಸ್ಸಿಗೆ ಹೋಗುತ್ತಾರೆ — ಪ್ರತಿ ಸಲದಂತೆ.
ಇಷ್ಟು ವರ್ಷ ಎಲ್ಲರೂ ನಾನು ಮುರುಮಿಗೆ ಹೋಗುವ ದಾರಿಯನ್ನೇ ಹುಡುಕಿದೆವು. ಅವರು ಇಲ್ಲಿಗೆ ಬರುವ ಮಾತು ಯಾರೂ ಎತ್ತಲಿಲ್ಲ. ನಾನೂ. ಅಲ್ಲಿ ಅಂಗಡಿಗೂ ಅತ್ತೆಗೂ ಮೈದುನ ಮನೋಜ ಇದ್ದಾನೆ. ಕಾಳು ಬಲ್ಲವರಿಗೆ ಉದಗೀರದ ಪೇಟೆ ಸಣ್ಣದಲ್ಲ.
ನಾನು ಓದುವ ಅನುವಾದದ ಕಾದಂಬರಿಗಳಲ್ಲಿ ಹೆಂಗಸರು ಸಲೀಸಾಗಿ ಹೇಳುತ್ತಾರೆ — ನನ್ನ ಬಳಿಯೇ ಇರು. ನಮ್ಮ ಮನೆಗಳಲ್ಲಿ ಯಾರೂ ಹಾಗೆ ಅಂದದ್ದು ಕೇಳಿಲ್ಲ. ಗಟ್ಟಿಯಾಗಿ ಅಂದು ನೋಡಿದೆ. "ಹೋಗಬ್ಯಾಡ್ರಿ. ಇಲ್ಲೇ ಇರ್ರಿ." ಖಾಲಿ ಕೋಣೆಯಲ್ಲೂ ನಾಚಿಕೆಯಾಯಿತು.
ನಾಳೆ ಹೇಳುತ್ತೇನೆ. ಅವರು ಹೊರಡಲು ಚಪ್ಪಲಿ ಮೆಟ್ಟುವಾಗ — ಅಲ್ಲ, ಬಂದ ಕೂಡಲೇ. ಚಹಾಕ್ಕೆ ನೀರಿಡುವ ಮೊದಲೇ.